ಸೂಝೌನಿಂದ ಏನು ತರಲಿ? ಅಸಲಿ ರೇಷ್ಮೆ, ಕೈಕಸೂತಿ ಸಿಗುವುದು ಎಲ್ಲಿ?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಆಫೀಸಿನ ಕೆಲಸಕ್ಕೆ ಶಾಂಘೈಗೆ ಹೋಗುತ್ತಿದ್ದೇನೆ. ಕೆಲಸ ಮುಗಿದ ಮೇಲೆ ಎರಡು ದಿನ ರಜೆ ಹಾಕಿ ಹತ್ತಿರದ ಸೂಝೌ ಊರು ನೋಡಿಕೊಂಡು ಬರೋಣ ಅಂತಿದ್ದೇನೆ. ಮನೆಯವರಿಗೆ, ಗೆಳತಿಯರಿಗೆ ಅಲ್ಲಿಂದಲೇ ಏನಾದರೂ ತರಬೇಕು.

ಹಿಂದಿನ ಸಲ ಶಾಂಘೈಗೆ ಹೋದಾಗ ಪ್ರವಾಸಿಗರು ತುಂಬಿದ ಒಂದು ಬೀದಿಯಲ್ಲಿ ಅಸಲಿ ರೇಷ್ಮೆ ಅಂತ ಆರು ಸ್ಕಾರ್ಫ್ ತಂದಿದ್ದೆ. ಅತ್ತೆ ಇಸ್ತ್ರಿ ಮಾಡುವಾಗ ಅಂಚು ಕರಗಿ ಪೆಟ್ಟಿಗೆಗೆ ಅಂಟಿಕೊಂಡಿತು. ಆರೂ ಪಾಲಿಯೆಸ್ಟರ್. ಅತ್ತೆ ಒಂದು ಮಾತೂ ಆಡಲಿಲ್ಲ. ಅದಕ್ಕೇ ನನಗೆ ಜಾಸ್ತಿ ಬೇಜಾರಾಯಿತು.

ಈ ಸಲ ಹಾಗಾಗಬಾರದು. ಒಟ್ಟು ಇಪ್ಪತ್ತೈದು ಸಾವಿರ ರೂಪಾಯಿ ಇಟ್ಟಿದ್ದೇನೆ. ಎಂಟು ಹತ್ತು ಜನರಿಗೆ ಆಗಬೇಕು. ಅಜ್ಜಿಗೆ ಮಾತ್ರ ಒಂದು ಒಳ್ಳೆಯ ವಸ್ತು ಬೇಕು. ಹೋಗಿ ಬಂದವರು, ಅಲ್ಲೇ ಇರುವವರು ದಯವಿಟ್ಟು ಹೇಳಿ.

ಶಾಂಘೈವಾಸಿ
ಎಂಟು ವರ್ಷದಿಂದ ಇಲ್ಲಿದ್ದೇನೆ. ಊರಿಂದ ಯಾರೇ ಬಂದರೂ ಸೂಝೌಗೆ ಕರೆದುಕೊಂಡು ಹೋಗುವುದು ನಾನೇ.

ಮೊದಲು ಟಿಕೆಟ್ ವಿಷಯ. ಸೂಝೌ ಇರುವ ಜಿಯಾಂಗ್ಸು ಪ್ರಾಂತ್ಯದಲ್ಲೇ ‘ಶೂಝೌ’ ಅಂತ ಇನ್ನೊಂದು ಊರಿದೆ. ಪಕ್ಕದ ಆನ್‌ಹುಯಿಯಲ್ಲಿ ಸೂಝೌ ಅಂತಲೇ ಹೇಳುವ ಮತ್ತೊಂದು ಊರಿದೆ. ನಮ್ಮ ಕಿವಿಗೆ ಮೂರೂ ಒಂದೇ. ಬುಕ್ ಮಾಡುವಾಗ ಪ್ರಯಾಣದ ಸಮಯ ನೋಡಿ. ಶಾಂಘೈನಿಂದ ಅರ್ಧ ಗಂಟೆಯ ಆಸುಪಾಸು ಇದ್ದರೆ ಸರಿಯಾದ ಊರು. ಇಳಿಯುವುದು ‘ಸೂಝೌ’ ನಿಲ್ದಾಣದಲ್ಲಿ, ‘ಸೂಝೌ ಉತ್ತರ’ ಅಲ್ಲ. ಅದು ಹಳೆ ಊರಿಗೆ ದೂರ.

ಪಿಂಗ್‌ಜಿಯಾಂಗ್ ರಸ್ತೆ, ಶಾನ್‌ಟಾಂಗ್ ಬೀದಿ ಎರಡೂ ಕಾಲುವೆ ಪಕ್ಕದಲ್ಲಿವೆ, ನೋಡಲು ಬಹಳ ಚಂದ. ಶಾನ್‌ಟಾಂಗ್ ಅಂತೂ ಟಾಂಗ್ ಕಾಲದಲ್ಲಿ, 825ರಲ್ಲಿ, ಕವಿ ಬೈ ಜುಯಿ ಇಲ್ಲಿ ಅಧಿಕಾರಿಯಾಗಿದ್ದಾಗ ಮಾಡಿಸಿದ ದಾರಿ. ಸಂಜೆ ದೀಪ ಹಚ್ಚಿದ ಮೇಲೆ ನಡೆದಾಡಿ, ದೋಣಿ ಹತ್ತಿ. ಆದರೆ ಆ ಅಂಗಡಿಗಳಲ್ಲಿ ಸಿಗುವ ಬೀಸಣಿಗೆ, ಕೀಚೈನು, ಸ್ಕಾರ್ಫ್, ಬಾಚಣಿಗೆ ಎಲ್ಲವೂ ಚೀನಾದ ಯಾವ ಊರಿನ ಹಳೆ ಬೀದಿಗೆ ಹೋದರೂ ಸಿಗುತ್ತವೆ. ಎಷ್ಟೋ ಸಾಮಾನು ಯಿವು ಊರಿನ ಸಗಟು ಮಾರುಕಟ್ಟೆಯಿಂದ ಬರುತ್ತದೆ. ಸೂಝೌನಲ್ಲಿ ತಯಾರಾದದ್ದು ಅಂತ ನಂಬಿಕೊಂಡು ದುಡ್ಡು ಕೊಡಬೇಡಿ.

ಬೆಂಕಿಕಡ್ಡಿ
ಸ್ಕಾರ್ಫ್ ಅಂಚಿನಿಂದ ಎರಡು ಎಳೆ ಕಿತ್ತು ಸುಡಿ. ಅಸಲಿ ರೇಷ್ಮೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಮುಗಿಯಿತು.

ಹುಬ್ಬಳ್ಳಿಹುಡುಗ
ಅಲ್ರೀ, ಅಂಗಡಿಯೊಳಗೆ ಕಡ್ಡಿ ಗೀರಿದರೆ ಸುಮ್ನೆ ಬಿಡುತ್ತಾರಾ?

ಬೆಂಕಿಕಡ್ಡಿ
ಒಳ್ಳೆಯ ಅಂಗಡಿಯವರೇ ಸುಟ್ಟು ತೋರಿಸುತ್ತಾರೆ. ಆದರೆ ಅವರ ಕೈಯಲ್ಲಿರುವ ತುಂಡನ್ನಲ್ಲ, ನೀವು ಕೊಳ್ಳುವ ಬಟ್ಟೆಯ ಎಳೆಯನ್ನೇ ಸುಡಲು ಹೇಳಿ.

ಶಾಂಘೈವಾಸಿ
ಅದಕ್ಕಿಂತ ಸುಲಭ, ಚೀಟಿ ಓದುವುದು. ಬಟ್ಟೆಗೆ ಹೊಲಿದ ಚೀಟಿಯಲ್ಲಿ ‘ಸಾಂಗ್ ತ್ಸಾನ್ ಸ’ ಅಂತ ಬರೆದು ಪಕ್ಕದಲ್ಲಿ 100% ಇರಬೇಕು. ಹಿಪ್ಪುನೇರಳೆ ರೇಷ್ಮೆ ಅಂತ ಅರ್ಥ. ಮೊಬೈಲ್ ಕ್ಯಾಮೆರಾ ಹಿಡಿದರೆ ಅನುವಾದ ಆಗುತ್ತದೆ. ಚೀಟಿಯೇ ಇಲ್ಲದಿದ್ದರೆ, ಅಥವಾ ‘ರೇಷ್ಮೆಯಂಥ’ ಅಂತ ಬರೆದಿದ್ದರೆ ಮುಂದೆ ಹೋಗಿ.

ರೇಷ್ಮೆಮನೆ
ನನಗೆ ಒಂದು ಮಾತು ಹೇಳಲೇಬೇಕು ಅನಿಸುತ್ತಿದೆ. ನಮ್ಮದು ಶಿಡ್ಲಘಟ್ಟ. ಅಪ್ಪ, ತಾತ ಎಲ್ಲರೂ ನೂಲು ಬಿಚ್ಚುವವರೇ. 2011ರಲ್ಲಿ ಕೇಂದ್ರ ಸರ್ಕಾರ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಿತು. ಚೀನಾ ನೂಲು ಬಂದು ಬಿತ್ತು. ರೇಷ್ಮೆ ಗೂಡಿನ ಬೆಲೆ ಕುಸಿದಾಗ ನಮ್ಮ ಪಕ್ಕದ ಹಳ್ಳಿಯಲ್ಲಿ ಹಿಪ್ಪುನೇರಳೆ ತೋಟ ಕಿತ್ತವರನ್ನು ನಾನು ಕಣ್ಣಾರೆ ನೋಡಿದ್ದೇನೆ. ನಮ್ಮ ಮನೆಯ ಬಿಚ್ಚಣಿಕೆ ಒಲೆ ನಾಲ್ಕು ತಿಂಗಳು ಉರಿಯಲಿಲ್ಲ.

ಮೈಸೂರು ರೇಷ್ಮೆ ನಮ್ಮಲ್ಲೇ ಇದೆ. ಆ ಕಾರ್ಖಾನೆ 1912ರಿಂದ ನಡೆಯುತ್ತಿದೆ. ಹಾಗಿರುವಾಗ ಅಲ್ಲಿಗೆ ಹೋಗಿ ರೇಷ್ಮೆ ಯಾಕೆ ಹೊತ್ತು ತರಬೇಕು? ಸಿಟ್ಟಿನಿಂದ ಕೇಳುತ್ತಿಲ್ಲ ಮೇಡಂ, ಸಂಕಟದಿಂದ ಕೇಳುತ್ತಿದ್ದೇನೆ.

ಹುಬ್ಬಳ್ಳಿಹುಡುಗ
ಅಣ್ಣಾ, ಅವರು ಒಂದೆರಡು ಸ್ಕಾರ್ಫ್ ತಂದರೆ ಗೂಡಿನ ಬೆಲೆ ಬೀಳುವುದಿಲ್ಲ. ಟನ್‌ಗಟ್ಟಲೆ ನೂಲು ತರಿಸುವುದೇ ಬೇರೆ, ಒಬ್ಬರು ಪ್ರವಾಸಕ್ಕೆ ಹೋಗಿ ಕೈಕೆಲಸ ಕೊಳ್ಳುವುದೇ ಬೇರೆ.

ಹಳೆಪುಟ
ಚೀನಾ ರೇಷ್ಮೆ ನಮಗೆ ಹೊಸದೇನಲ್ಲ. ಸಂಸ್ಕೃತದಲ್ಲಿ ರೇಷ್ಮೆ ಬಟ್ಟೆಗೆ ‘ಚೀನಾಂಶುಕ’ ಅಂತಲೇ ಹೆಸರಿದೆ. ಬಹಳ ಹಳೆಯ ನಂಟು ಇದು.

ರೇಷ್ಮೆಮನೆ
ಹೆಸರಿನ ನಂಟಿನಿಂದ ಗೂಡಿಗೆ ಬೆಲೆ ಸಿಗುವುದಿಲ್ಲವಲ್ಲ ಸರ್. ಆದರೆ ಹುಬ್ಬಳ್ಳಿಯವರ ಮಾತು ಒಪ್ಪುತ್ತೇನೆ. ಮೀಟರ್ ಲೆಕ್ಕದ ಬಟ್ಟೆ ಬೇಡ, ಅದು ನಮ್ಮಲ್ಲೇ ಇದೆ. ಕೈಕೆಲಸ ಆದರೆ ತನ್ನಿ. ಮಾಡಿದವರಿಗೆ ದುಡ್ಡು ಹೋಗುತ್ತದೆ.

ಕಸೂತಿಕೈ
ಸೂಝೌ ಅಂದಕೂಡಲೇ ಓಡಿ ಬಂದೆ. ನಾನು ಧಾರವಾಡದವಳು, ಇಪ್ಪತ್ತು ವರ್ಷದಿಂದ ಕಸೂತಿ ಹಾಕುತ್ತೇನೆ. ಮೂರು ವರ್ಷದ ಹಿಂದೆ ಮಗಳು ಶಾಂಘೈನಲ್ಲಿದ್ದಾಗ ಸೂಝೌಗೆ ಹೋಗಿದ್ದೆ.

ಅಲ್ಲಿನ ಕಸೂತಿಗೆ ‘ಸು ಶ್ಯೂ’ ಅನ್ನುತ್ತಾರೆ. ಅದರಲ್ಲಿ ಎರಡೂ ಬದಿ ಒಂದೇ ತರಹ ಕಾಣುವ ಕೆಲಸ ಪ್ರಸಿದ್ಧ. ಬೆಕ್ಕು, ಹೊಂಬಣ್ಣದ ಮೀನು ಜಾಸ್ತಿ. ತೆಳುವಾದ ರೇಷ್ಮೆ ಬಟ್ಟೆಯ ಮೇಲೆ ಹಾಕಿ, ತಿರುಗುವ ಮರದ ಚೌಕಟ್ಟಿನಲ್ಲಿ ಕೂರಿಸಿರುತ್ತಾರೆ. ಹಿಂದೆ ಹೋಗಿ ನೋಡಿದರೂ ಅದೇ ಬೆಕ್ಕು. ಗಂಟು ಎಲ್ಲೂ ಕಾಣುವುದಿಲ್ಲ. ನಮ್ಮ ಗವಂತಿ, ಮುರ್ಗಿ ಹೊಲಿಗೆಯಲ್ಲೂ ಹಾಗೇ ಅಲ್ವಾ? ಗಂಟು ಹಾಕದೆ ಎಳೆ ಎಣಿಸಿಕೊಂಡು ಹೋಗುತ್ತೇವೆ, ಎರಡೂ ಬದಿ ಒಂದೇ ಬರುತ್ತದೆ. ಅಲ್ಲಿ ಕುಳಿತ ಹೆಂಗಸಿಗೆ ನನ್ನ ಇಳಕಲ್ ಸೀರೆಯ ಸೆರಗು ತಿರುಗಿಸಿ ತೋರಿಸಿದೆ. ಅವಳು ಸೂಜಿ ಕೆಳಗಿಟ್ಟು, ಬೆರಳಲ್ಲಿ ಗೋಪುರ, ತೇರು ಎಲ್ಲ ಸವರಿ ನೋಡಿದಳು. ನಮ್ಮಿಬ್ಬರಿಗೂ ಒಂದೇ ಒಂದು ಮಾತು ಅರ್ಥವಾಗಲಿಲ್ಲ. ಹತ್ತು ನಿಮಿಷ ಹಾಗೇ ಕೂತಿದ್ದೆವು.

ಅವರ ಕೆಲಸದ ಗುಟ್ಟು ನೂಲಿನಲ್ಲಿದೆ. ಒಂದು ರೇಷ್ಮೆ ದಾರವನ್ನು ಉಗುರಿನಿಂದ ಸೀಳುತ್ತಾರೆ. ಎರಡು ಭಾಗ, ನಾಲ್ಕು ಭಾಗ, ಹದಿನಾರು ಭಾಗ. ಮೀನಿನ ಬಾಲಕ್ಕೆ ಅದಕ್ಕಿಂತಲೂ ಸಣ್ಣ ಎಳೆ ಬೇಕು. ಅದಕ್ಕೇ ಬಾಲದ ಹಿಂದೆ ನೀರು ಕಂಡಹಾಗೆ ಅನಿಸುತ್ತದೆ. ಒಂದೇ ಅಳತೆಯ ಎರಡು ಬೆಕ್ಕಿಗೆ ಬೆಲೆ ಹತ್ತು ಪಟ್ಟು ಬೇರೆ ಇದ್ದರೆ ಮೋಸ ಅಂದುಕೊಳ್ಳಬೇಡಿ. ಎಳೆ ಎಷ್ಟು ಸೀಳಿದ್ದಾರೆ, ಎಷ್ಟು ದಿನ ಕೂತಿದ್ದಾರೆ ಅಂತ ಕೇಳಿ.

ಯಂತ್ರದ ಕೆಲಸ ಗುರುತಿಸುವುದು ಕಷ್ಟವಲ್ಲ. ಹೊಲಿಗೆ ಎಲ್ಲ ಒಂದೇ ಉದ್ದ, ಒಂದೇ ಓಟ. ಹಿಂಬದಿಯಲ್ಲಿ ಬಾಬಿನ್ ದಾರ ಕಾಣುತ್ತದೆ. ಇನ್ನೊಂದು ಮೋಸ ಇದೆ. ಚಿತ್ರ ಮುದ್ರಿಸಿ ಮೇಲೆ ಅಲ್ಲಲ್ಲಿ ನಾಲ್ಕು ಹೊಲಿಗೆ ಹಾಕಿರುತ್ತಾರೆ. ಓರೆಯಾಗಿ ಬೆಳಕಿಗೆ ಹಿಡಿದರೆ ಗೊತ್ತಾಗುತ್ತದೆ. ಕೈಯಿಂದ ಹಾಕಿದ್ದು ನೀವು ಸರಿದಂತೆ ಹೊಳಪು ಬದಲಿಸುತ್ತದೆ.

ತುಂಗಾತೀರ
ಅಕ್ಕಾ, ಇದು ಓದಿ ಅಜ್ಜಿಗೆ ಏನು ತರಬೇಕು ಅಂತ ತೀರ್ಮಾನ ಆಗಿಹೋಯಿತು. ನೀವು ಹೋಗಿದ್ದು ಎಲ್ಲಿಗೆ?

ಕಸೂತಿಕೈ
ಝೆನ್‌ಹು. ಸೂಝೌನ ಪಶ್ಚಿಮಕ್ಕೆ, ತೈಹು ಸರೋವರದ ಕಡೆ. ಕಸೂತಿಗೇ ಒಂದು ಬೀದಿ ಇದೆ. ಮುಂದೆ ಅಂಗಡಿ, ಒಳಗೆ ಚೌಕಟ್ಟು ಹಾಕಿಕೊಂಡು ಕೂತಿರುತ್ತಾರೆ. ಆ ಭಾಗದಲ್ಲಿ ಸಾವಿರಾರು ಹೆಂಗಸರು ಇದೇ ಕೆಲಸ ಮಾಡುತ್ತಾರೆ. ಅಷ್ಟು ದೂರ ಆಗದಿದ್ದರೆ ಹಳೆ ಊರಿನ ಜಿಂಗ್‌ದ ರಸ್ತೆಯಲ್ಲಿ ಕಸೂತಿ ಸಂಶೋಧನಾ ಸಂಸ್ಥೆ ಇದೆ. ಅಲ್ಲಿ ಒಳ್ಳೆಯ ಕೆಲಸ ಹೇಗಿರುತ್ತದೆ ಅಂತ ಕಣ್ಣು ಪಳಗಿಸಿಕೊಳ್ಳಿ. ಬೆಲೆ ನಮ್ಮಂಥವರಿಗೆ ಎಟುಕುವುದಿಲ್ಲ.

ಚೌಕಾಸಿ
ಎಲ್ಲಿ ಹೋದರೂ ಹೇಳಿದ ಬೆಲೆಯ ಮೂರನೇ ಒಂದು ಭಾಗದಿಂದ ಶುರು ಮಾಡಿ. ‘ಥಾಯ್ ಕ್ವೇ ಲ’ ಅಂದರೆ ತುಂಬಾ ದುಬಾರಿ ಅಂತ. ಹೇಳಿ ನಡೆಯಿರಿ, ಹಿಂದೆಯೇ ಬರುತ್ತಾರೆ.

ಕಸೂತಿಕೈ
ಪ್ರವಾಸಿ ಬೀದಿಯಲ್ಲಿ ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಚೌಕಟ್ಟಿನ ಮುಂದೆ ಹತ್ತು ದಿನ ಬೆನ್ನು ಬಗ್ಗಿಸಿ ಕೂತವರ ಹತ್ತಿರ ಮೂರನೇ ಒಂದು ಭಾಗ ಕೇಳಬೇಡಿ. ನನ್ನ ಹತ್ತಿರ ಒಬ್ಬರು ಹಾಗೆ ಕೇಳಿದ್ದರು. ನಲವತ್ತು ದಿನದ ಸೀರೆ. ಆ ರಾತ್ರಿ ಊಟ ಸೇರಲಿಲ್ಲ. ಎರಡು ತೆಗೆದುಕೊಂಡರೆ ಸ್ವಲ್ಪ ಬಿಡುತ್ತೀರಾ ಅಂತ ಕೇಳಿ, ಅಷ್ಟು ಸಾಕು.

ಚೌಕಾಸಿ
ಸರಿ ಮೇಡಂ, ಅದು ನ್ಯಾಯ. ನಾನು ಹೇಳಿದ್ದು ಕೀಚೈನ್ ಅಂಗಡಿಗೆ.

ಗುಡಿಗಾರಕೇರಿ
ಬೀಸಣಿಗೆ ವಿಷಯ ಯಾರೂ ಹೇಳಲಿಲ್ಲ. ನಾನು ಸಾಗರದವನು, ಗಂಧದ ಕೆತ್ತನೆ ನೋಡಿಕೊಂಡೇ ಬೆಳೆದವನು. ಸೂಝೌನಲ್ಲಿ ಮಡಚುವ ಬೀಸಣಿಗೆ, ದುಂಡು ಬೀಸಣಿಗೆ, ಗಂಧದ ಬೀಸಣಿಗೆ ಮೂರಕ್ಕೂ ಹೆಸರಿದೆ. ಗಂಧದ ಬೀಸಣಿಗೆಯ ಒಂದೊಂದು ಕಡ್ಡಿಯನ್ನೂ ಕೂದಲಂಥ ಗರಗಸದಿಂದ ಜಾಲರಿಯ ಹಾಗೆ ಕೊರೆಯುತ್ತಾರೆ. ಬಿಡಿಸಿದಾಗ ಎಲ್ಲ ಕಡ್ಡಿ ಸೇರಿ ಒಂದು ಚಿತ್ರ ಆಗುತ್ತದೆ.

ಆದರೆ ಬೀದಿಯಲ್ಲಿ ಅಗ್ಗಕ್ಕೆ ಸಿಗುವ ‘ಗಂಧ’ದಲ್ಲಿ ಗಂಧ ಇರುವುದಿಲ್ಲ. ಬೇರೆ ಮರಕ್ಕೆ ಎಣ್ಣೆ ಹಚ್ಚಿರುತ್ತಾರೆ. ದೂರದಿಂದಲೇ ಘಾಟು ಹೊಡೆದರೆ ಎಣ್ಣೆ ಅಂತ ತಿಳಿಯಿರಿ. ಅಸಲಿ ಗಂಧದ ವಾಸನೆ ಮೆತ್ತಗಿರುತ್ತದೆ. ಉಜ್ಜಿ ಬಿಸಿ ಮಾಡಿದರೆ ಏಳುತ್ತದೆ, ವರ್ಷಗಟ್ಟಲೆ ಉಳಿಯುತ್ತದೆ. ನಿಮ್ಮ ಬಜೆಟ್‌ಗೆ ದುಂಡು ರೇಷ್ಮೆ ಬೀಸಣಿಗೆ ಅಥವಾ ಬಿದಿರು ಕಡ್ಡಿಯದು ಒಳ್ಳೆಯದು. ಗೆಳತಿಯರಿಗೆ ಕೊಡಲು ಹಗುರ.

ಬಿಸಿಬೇಳೆ
ಊಟದ ಕಥೆ ಏನು? ನಾನು ಸಸ್ಯಾಹಾರಿ, ಮುಂದಿನ ವರ್ಷ ಹೋಗುವ ಯೋಚನೆ ಇದೆ.

ಶಾಂಘೈವಾಸಿ
ಬೌದ್ಧ ದೇವಾಲಯಗಳ ಪಕ್ಕ ಸಸ್ಯಾಹಾರಿ ನೂಡಲ್ಸ್ ಅಂಗಡಿ ಇರುತ್ತವೆ. ‘ವೋ ಛ್ ಸು’ ಅನ್ನಿ, ನಾನು ಸಸ್ಯಾಹಾರಿ ಅಂತ. ಬೇರೆ ಕಡೆ ನೂಡಲ್ಸ್ ಸಾರು ಮಾಂಸದ್ದೇ ಇರುತ್ತದೆ, ಕೇಳದೆ ತಿನ್ನಬೇಡಿ. ಚಟ್ನಿಪುಡಿ ಡಬ್ಬಿ ಜೊತೆಗಿರಲಿ.

ಟ್ಯಾಬ್ಲಾ
ದುಡ್ಡು ಕೊಡುವುದು ಹೇಗೆ? ನಮ್ಮ ಯುಪಿಐ ನಡೆಯುತ್ತಾ?

ಶಾಂಘೈವಾಸಿ
ಇಲ್ಲ. ಊರಿನಲ್ಲಿರುವಾಗಲೇ ಅಲಿಪೇ ಹಾಕಿಕೊಂಡು, ಪಾಸ್‌ಪೋರ್ಟ್ ತೋರಿಸಿ, ವೀಸಾ ಅಥವಾ ಮಾಸ್ಟರ್‌ಕಾರ್ಡ್ ಸೇರಿಸಿ. ಕಾರ್ಡಿನಲ್ಲಿ ವಿದೇಶಿ ವಹಿವಾಟು ಆನ್ ಮಾಡಿರಬೇಕು. ಒಂದು ಸಲಕ್ಕೆ 200 ಯುವಾನ್ ದಾಟಿದರೆ ಶೇಕಡಾ 3 ಶುಲ್ಕ ಬೀಳುತ್ತದೆ, ಕೆಳಗಿದ್ದರೆ ಇಲ್ಲ. ಜೊತೆಗೆ ಐದಾರು ನೂರು ಯುವಾನ್ ನೋಟು ಇಟ್ಟುಕೊಳ್ಳಿ. ಝೆನ್‌ಹುವಿಗೆ ಹೋಗುವಾಗ ಅಲಿಪೇ ಒಳಗಿಂದಲೇ ‘ದೀದಿ’ ಕಾರು (ನಮ್ಮ ಓಲಾ, ಊಬರ್ ಇದ್ದಹಾಗೆ) ಕರೆಯಬಹುದು. ಗೂಗಲ್ ಮ್ಯಾಪ್ ನಂಬಬೇಡಿ.

ಕಂಬಳಿಪ್ರೇಮಿ
ಯಾರೂ ರೇಷ್ಮೆ ರಜಾಯಿ ಬಗ್ಗೆ ಹೇಳಲಿಲ್ಲವಲ್ಲ! ಸೂಝೌನಿಂದ ತರಬೇಕಾದ್ದೇ ಅದು. ಕವರಿನೊಳಗೆ ಹತ್ತಿಯ ಬದಲು ಪೂರ್ತಿ ರೇಷ್ಮೆ. ಹಗುರ, ಚಳಿಗೆ ಬೆಚ್ಚಗೆ. 2 ಕಿಲೋದ್ದು ತಂದಿದ್ದೇನೆ.

ಶಾಂಘೈವಾಸಿ
ಒಂದು ತಿದ್ದುಪಡಿ. ಅದು 2 ಕಿಲೋ ಇರಲಿಕ್ಕಿಲ್ಲ, 2 ಜಿನ್ ಇರಬೇಕು. ಇಲ್ಲಿ ರಜಾಯಿ, ಚಹಾ, ಹಣ್ಣು ಎಲ್ಲದಕ್ಕೂ ಜಿನ್ ಲೆಕ್ಕ. ಒಂದು ಜಿನ್ ಅಂದರೆ 500 ಗ್ರಾಂ. ಬೆಲೆ ಕೇಳುವಾಗ ಯಾವ ತೂಕಕ್ಕೆ ಅಂತ ಕೇಳಿಕೊಳ್ಳಿ.

ಕಂಬಳಿಪ್ರೇಮಿ
ಈಗ ತೂಗಿ ನೋಡಿದೆ. ಒಂದು ಕಿಲೋ ಚಿಲ್ಲರೆ. ನೀವು ಹೇಳಿದ್ದೇ ಸರಿ.

ರೇಷ್ಮೆಮನೆ
ರಜಾಯಿಗೆ ಯಾವ ಗೂಡು ಹಾಕುತ್ತಾರೆ?

ಶಾಂಘೈವಾಸಿ
ಜೋಡಿ ಗೂಡು. ಎರಡು ಹುಳ ಸೇರಿ ಕಟ್ಟಿದ್ದು. ನಾನ್‌ಮೆನ್ ರಸ್ತೆಯಲ್ಲಿ ‘ಸೂಝೌ ಒಂದನೇ ರೇಷ್ಮೆ ಕಾರ್ಖಾನೆ’ ಇದೆ, 1926ರದ್ದು. ಈಗ ಪ್ರವಾಸಿಗರಿಗೆ ಕೆಲಸ ತೋರಿಸುತ್ತಾರೆ. ಬೇಯಿಸಿದ ಗೂಡನ್ನು ನೀರಲ್ಲೇ ಬಿಡಿಸಿ, ಬಿಲ್ಲಿನಂಥ ಚೌಕಟ್ಟಿಗೆ ಟೋಪಿಯ ಹಾಗೆ ತೊಡಿಸುತ್ತಾರೆ. ಒಣಗಿದ ಮೇಲೆ ನಾಲ್ಕು ಜನ ನಾಲ್ಕು ಮೂಲೆ ಹಿಡಿದು ಹಾಸಿಗೆಯಷ್ಟು ಅಗಲ ಎಳೆಯುತ್ತಾರೆ. ಪದರದ ಮೇಲೆ ಪದರ. ನಮಗೂ ಒಂದು ಮೂಲೆ ಹಿಡಿಯಲು ಕೊಡುತ್ತಾರೆ.

ರೇಷ್ಮೆಮನೆ
ಜೋಡಿ ಗೂಡು ನಮಗೆ ತಲೆನೋವು. ಎರಡು ಎಳೆ ಸಿಕ್ಕು ಹಾಕಿಕೊಂಡಿರುತ್ತವೆ, ನೇರವಾಗಿ ಬಿಚ್ಚಲು ಬರುವುದಿಲ್ಲ. ಆರಿಸಿ ಪಕ್ಕಕ್ಕೆ ಹಾಕುತ್ತೇವೆ, ಬೆಲೆ ಕಡಿಮೆ. ಡುಪಿಯಾನ್ ಅನ್ನುವ ಒರಟು ನೂಲಿಗೆ ಸ್ವಲ್ಪ ಹೋಗುತ್ತದೆ. ಅದನ್ನೇ ಅವರು ರಜಾಯಿ ಮಾಡಿ ಅಷ್ಟು ಬೆಲೆಗೆ ಮಾರುತ್ತಾರೆ ಅಂದರೆ ನಾವು ನೋಡಿ ಕಲಿಯಬೇಕು. ನೂಲು ಬಿಚ್ಚುವ ಆಟೋಮ್ಯಾಟಿಕ್ ಯಂತ್ರ ನಮ್ಮ ಕಡೆಯೂ ಚೀನಾದಿಂದಲೇ ಬಂದಿವೆ. ಯಂತ್ರ ತಂದವರು ಈ ಕೆಲಸ ಯಾಕೆ ತರಲಿಲ್ಲ? ಮೇಡಂ, ಹೋದರೆ ಆ ಬಿಲ್ಲಿನ ಚೌಕಟ್ಟಿನ ಫೋಟೋ ತೆಗೆದು ಹಾಕುತ್ತೀರಾ?

ತುಂಗಾತೀರ
ಖಂಡಿತ ಹಾಕುತ್ತೇನೆ.

ಹಳೆಪುಟ
ಸೂಝೌ ಮ್ಯೂಸಿಯಂ ಬಿಡಬೇಡಿ. ಐ.ಎಂ. ಪೇ ವಿನ್ಯಾಸ ಮಾಡಿದ ಕಟ್ಟಡ, 2006ರಲ್ಲಿ ತೆರೆದದ್ದು. ಮೊದಲೇ ಬುಕ್ ಮಾಡಬೇಕು. ಮಿಂಗ್ ಕಾಲದ ಚಿತ್ರಕಾರ ವೆನ್ ಝೆಂಗ್‌ಮಿಂಗ್ ನೆಟ್ಟದ್ದು ಅನ್ನುವ ವಿಸ್ಟೀರಿಯಾ ಬಳ್ಳಿ ಅಲ್ಲಿದೆ. ಅದರ ಬೀಜವನ್ನು ಪುಟ್ಟ ಪೆಟ್ಟಿಗೆಯಲ್ಲಿ ಮಾರುತ್ತಾರೆ. ಇಷ್ಟು ಅರ್ಥ ಇರುವ ನೆನಪಿನ ಕಾಣಿಕೆ ನಾನು ಬೇರೆಲ್ಲೂ ನೋಡಿಲ್ಲ.

ತೋಟಗಾರ
ಬೀಜ ತರಬೇಡಿ! ಪರವಾನಗಿ ಇಲ್ಲದೆ ಬೀಜ, ಗಿಡ ಭಾರತದೊಳಗೆ ತರುವಂತಿಲ್ಲ. ರೋಗ, ಕೀಟ ಬಂದರೆ ಅನುಭವಿಸುವವರು ನಾವು.

ಹಳೆಪುಟ
ಒಳ್ಳೆಯದಾಯಿತು ಹೇಳಿದ್ದು. ಹಾಗಾದರೆ ಬಳ್ಳಿ ನೋಡಿ ಬನ್ನಿ ಸಾಕು. ಅದರ ಬದಲು ಸೂಝೌನದೇ ಆದ ತಾವೊಹುವಾವು ಮರದಚ್ಚಿನ ಚಿತ್ರ ತನ್ನಿ. ಹೊಸ ವರ್ಷಕ್ಕೆ ಬಾಗಿಲಿಗೆ ಅಂಟಿಸುವ ಚಿತ್ರಗಳು. ದುಂಡಗೆ ನಗುತ್ತಾ ಕೂತಿರುವ ವ್ಯಕ್ತಿಯ ಒಂದು ಚಿತ್ರ ಬಹಳ ಪ್ರಸಿದ್ಧ, ಮನೆಯಲ್ಲಿ ಎಲ್ಲರೂ ಹೊಂದಿಕೊಂಡಿರಲಿ ಅಂತ ಅರ್ಥ. ಬಣ್ಣಕ್ಕೊಂದು ಅಚ್ಚು. ಸುತ್ತಿ ಕೊಳವೆಯಲ್ಲಿ ಹಾಕಿದರೆ ತೂಕವೇ ಇಲ್ಲ.

ಚೌಕಾಸಿ
ಹಳೆ ಹಿತ್ತಾಳೆ, ಪಿಂಗಾಣಿ ಸಾಮಾನು ಸಿಕ್ಕರೆ?

ಹಳೆಪುಟ
ನಿಜವಾಗಿ ಹಳೆಯದಾದರೆ ತೊಂದರೆ. 1911ಕ್ಕಿಂತ ಹಿಂದಿನ ವಸ್ತುಗಳನ್ನು ಸಾಮಾನ್ಯವಾಗಿ ದೇಶದಿಂದ ಹೊರಗೆ ಬಿಡುವುದಿಲ್ಲ. ಬಿಡುವಂಥದ್ದಕ್ಕೆ ಸರ್ಕಾರದ ಕೆಂಪು ಅರಗಿನ ಮುದ್ರೆ ಬೇಕು. ಬೀದಿಯಲ್ಲಿ ‘ಚಿಂಗ್ ಕಾಲದ್ದು’ ಅಂತ ಮಾರುವುದು ಹೆಚ್ಚಿನ ಸಲ ಹೊಸದೇ. ಎರಡೂ ರೀತಿಯಲ್ಲಿ ಕೊಳ್ಳದಿರುವುದೇ ಕ್ಷೇಮ.

ಬಿಸಿಬೇಳೆ
ಚಹಾ?

ಶಾಂಘೈವಾಸಿ
ಬಿ ಲುವೊ ಚುನ್. ತೈಹು ದಂಡೆಯ ಡಾಂಗ್‌ಟಿಂಗ್ ಗುಡ್ಡದ್ದು. ಏಪ್ರಿಲ್ ಮೊದಲ ವಾರದ ಚಿಂಗ್‌ಮಿಂಗ್ ಹಬ್ಬಕ್ಕೆ ಮುಂಚೆ ಕೊಯ್ದದ್ದಕ್ಕೆ ಬೆಲೆ ಜಾಸ್ತಿ. ಸುರುಳಿ ಎಲೆ, ಮೇಲೆ ಬಿಳಿ ನವಿರು. ಕುದಿಯುವ ನೀರು ಹಾಕಬೇಡಿ, ಹಾಲು ಸಕ್ಕರೆ ಬೇಡವೇ ಬೇಡ. ಲೋಟದಲ್ಲಿ ಮೊದಲು ನೀರು, ಆಮೇಲೆ ಎಲೆ. ಹೆಸರಿಗೆ ನಕಲು ಬಹಳ, ಕುಡಿದು ನೋಡಿಯೇ ತೆಗೆದುಕೊಳ್ಳಿ.

ತುಂಗಾತೀರ
ಹೋಗಿ ಬಂದೆ! ಎಲ್ಲರಿಗೂ ಮನಸಾರೆ ಧನ್ಯವಾದ.

ಮೊದಲ ದಿನ ಮ್ಯೂಸಿಯಂ, ರೇಷ್ಮೆ ಕಾರ್ಖಾನೆ. ಸಂಜೆ ಶಾನ್‌ಟಾಂಗ್‌ನಲ್ಲಿ ಬರೀ ನಡೆದಾಡಿದೆ, ಏನೂ ಕೊಳ್ಳಲಿಲ್ಲ. ಎರಡನೇ ದಿನ ಪೂರ್ತಿ ಝೆನ್‌ಹು. ಒಂದು ಅಂಗಡಿಯಲ್ಲಿ ಅಮ್ಮ, ಮಗಳು ಎದುರುಬದುರು ಕೂತು ಹಾಕುತ್ತಿದ್ದರು. ಅಂಗೈ ಅಗಲದ ಮೀನು, ಎರಡೂ ಬದಿ ಒಂದೇ. ಹನ್ನೆರಡು ದಿನದ ಕೆಲಸ ಅಂತ ಮೊಬೈಲಿನಲ್ಲಿ ಬರೆದು ತೋರಿಸಿದರು. 900 ಯುವಾನ್ ಹೇಳಿದರು, ನಾನು ಚೌಕಾಸಿ ಮಾಡಲಿಲ್ಲ. ಅವರೇ ಎರಡು ಪುಟ್ಟ ಕಸೂತಿ ಬುಕ್‌ಮಾರ್ಕ್ ಸೇರಿಸಿ ಕಟ್ಟಿಕೊಟ್ಟರು. ಗೆಳತಿಯರಿಗೆ ದುಂಡು ಬೀಸಣಿಗೆ ಐದು, ಮಾವನಿಗೆ ಆ ನಗುವ ಚಿತ್ರ. ಅತ್ತೆಗೆ ಚೀಟಿ ಓದಿ ಒಂದೇ ಒಂದು ಸ್ಕಾರ್ಫ್. ಮನೆಗೆ ಬಂದಕೂಡಲೇ ಅವರ ಮುಂದೆಯೇ ಒಂದು ಎಳೆ ಸುಟ್ಟೆ. ಬೂದಿ ಪುಡಿಯಾಯಿತು. ಅತ್ತೆ ಅದನ್ನು ಹೊದ್ದುಕೊಂಡೇ ಸಂಜೆ ದೇವಸ್ಥಾನಕ್ಕೆ ಹೋದರು.

ಅಜ್ಜಿ ಮೀನನ್ನು ಕಿಟಕಿಯ ಹತ್ತಿರ ಇಟ್ಟಿದ್ದಾರೆ. ಬಂದವರಿಗೆಲ್ಲ ತಿರುಗಿಸಿ ತೋರಿಸುತ್ತಾರೆ.

ಕಸೂತಿಕೈ
ಕಿಟಕಿಯ ಹತ್ತಿರ ಬೇಡಮ್ಮಾ, ಬಿಸಿಲಿಗೆ ಬಣ್ಣ ಹೋಗುತ್ತದೆ. ಬೆಳಕು ಇರಲಿ, ನೇರ ಬಿಸಿಲು ಬೇಡ.

ತುಂಗಾತೀರ
ಇವತ್ತೇ ಫೋನ್ ಮಾಡಿ ಹೇಳುತ್ತೇನೆ ಅಕ್ಕಾ. ರೇಷ್ಮೆಮನೆ ಸರ್, ಬಿಲ್ಲಿನ ಚೌಕಟ್ಟಿನದು ಏಳು ಫೋಟೋ ಹಾಕಿದ್ದೇನೆ. ಪಕ್ಕದಲ್ಲಿ ನನ್ನ ಕೈ ಇಟ್ಟಿದ್ದೇನೆ, ಅಳತೆ ಗೊತ್ತಾಗಲಿ ಅಂತ.

ರೇಷ್ಮೆಮನೆ
ನೋಡಿದೆ. ನಮ್ಮೂರ ಬಡಗಿಗೆ ಕಳಿಸಿದ್ದೇನೆ, ನಾಳೆ ಬಿದಿರು ಸೀಳಿ ಒಂದು ಮಾಡಿಕೊಡುತ್ತೇನೆ ಅಂದಿದ್ದಾನೆ. ಒಂದು ಕೇಳಲೇ ಮೇಡಂ? ಗೂಡು ಬೇಯಿಸುವ ಕಡೆ ವಾಸನೆ ಹೇಗಿತ್ತು?

ತುಂಗಾತೀರ
ರಾಮನಗರದಲ್ಲಿ ಒಮ್ಮೆ ಬಿಚ್ಚಣಿಕೆ ಮನೆಯೊಳಗೆ ಹೋಗಿದ್ದೆ ಸರ್. ಅದೇ ವಾಸನೆ.